ರಿಮೋಟಿನ ಪಕ್ಕದ ಅರಿಸಿನ ಕೊಂಬು

ನಮ್ಮ ಮನೆಗೆ ಬಂದವರು ಟೀವಿಗಿಂತ ಮೊದಲು ಅದರ ಕೆಳಗಿನ ಹಲಗೆ ನೋಡುತ್ತಾರೆ. ಅಲ್ಲಿ ರಿಮೋಟಿನ ಪಕ್ಕ ಒಂದು ಪುಟ್ಟ ಹಿತ್ತಾಳೆ ಬಟ್ಟಲಿದೆ. ಬಟ್ಟಲಲ್ಲಿ ಎರಡು ತುಂಡಾಗಿ ಮುರಿದ ಒಂದು ಒಣ ಅರಿಸಿನದ ಕೊಂಬು. ಎದುರು ಮನೆಯಾಕೆ ಇದು ಟೀವಿಗೆ ದೃಷ್ಟಿಯಾಗದಿರಲೆಂದು ಇಟ್ಟದ್ದು ಎಂದುಕೊಂಡು ತನ್ನ ಫ್ರಿಜ್ಜಿನ ಮೇಲೂ ಒಂದು ಇಟ್ಟಳು. ಕೇಬಲ್ಲಿನವನು ‘ಜಿರಳೆಗಾ ಮೇಡಂ?’ ಎಂದ. ಬಹಳ ಓದಿಕೊಂಡ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಅರಿಸಿನವು ಕಿರಣಗಳನ್ನು ಹೀರಿಕೊಳ್ಳುವ ಬಗೆಯನ್ನು ನನಗೇ ವಿವರಿಸಿ ಹೋದರು. ನಾನು ಯಾರನ್ನೂ ತಿದ್ದಲಿಲ್ಲ. ತಿದ್ದಬೇಕಾದರೆ ಪೂರ್ತಿ ಕಥೆ ಹೇಳಬೇಕು, ಅಷ್ಟರಲ್ಲಿ ಎರಡು ಸಲ ಕಾಫಿ ಮಾಡಬೇಕಾಗುತ್ತದೆ. ನೀವು ಹೇಗೂ ಕಾಫಿ ಕೇಳುವ ಹಾಗಿಲ್ಲವಾದ್ದರಿಂದ ನಿಮಗೆ ಹೇಳಬಹುದು.

ನಮ್ಮ ಹಳೆಯ ಟೀವಿಯಲ್ಲಿ ಒಂದು ದಿನ ಹಸಿರು ಗೆರೆ ಬಿತ್ತು. ಮೊದಲು ಒಂದು, ವಾರದೊಳಗೆ ಮೂರು. ವಾರ್ತೆ ಓದುವವಳ ಮೂಗೊಂದು ಕಡೆ, ಬಾಯೊಂದು ಕಡೆ ಆಯಿತು. ನಮ್ಮನೆಯವರು ‘ಯಾವುದೋ ಒಂದು ತಂದುಬಿಡೋಣ’ ಎಂದರು. ಅವರು ಬಸ್ ಡಿಪೋದಲ್ಲಿ ರಿಪೇರಿ ನೋಡಿಕೊಳ್ಳುವವರು. ಓಡುವುದೆಲ್ಲ ಒಳ್ಳೆಯದೇ ಎಂಬುದು ಅವರ ಸಿದ್ಧಾಂತ. ನಾನು ಹಾಗಲ್ಲ. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವಳು, ಮೂರು ಕೊಟೇಶನ್ ಇಲ್ಲದೆ ಒಂದು ಸ್ಟೇಪ್ಲರ್ ಕೊಂಡವಳಲ್ಲ. ಹಾಗೆ ನೋಡಿದರೆ ಮನೆಯ ಫ್ರಿಜ್ಜನ್ನು ಬಾಗಿಲ ಮೇಲಿನ ಹೂವಿನ ಚಿತ್ರ ಚೆನ್ನಾಗಿದೆ ಎಂದು ಆರಿಸಿದವಳೂ ನಾನೇ. ಅದು ಬೇಸಿಗೆಯಲ್ಲಿ ಹಾಲು ಒಡೆಸುತ್ತದೆ, ಹೂವು ಮಾತ್ರ ಬಾಡಿಲ್ಲ. ಆದ್ದರಿಂದ ಈ ಸಲ ಮೋಸಹೋಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ.

ಓದಲು ಕೂತೆ. ಬೆಳಿಗ್ಗೆ ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಒಂದು ವಿಡಿಯೊ, ಊಟದ ಬಿಡುವಿನಲ್ಲಿ ಎರಡು. ನಾವೆಲ್ಲ ಎಲ್‌ಇಡಿ ಟೀವಿ ಎನ್ನುವುದು ಹಿಂದೆ ದೀಪ ಹಚ್ಚಿ ಮುಂದೆ ಪರದೆ ಬಿಟ್ಟ, ತೊಗಲುಬೊಂಬೆ ಆಟದಂಥ ಏರ್ಪಾಡು ಎಂದು ತಿಳಿಯಿತು. ಕ್ಯೂಎಲ್‌ಇಡಿ ಎಂದರೆ ಅದೇ ದೀಪದ ಮುಂದೆ ಬಣ್ಣ ಚೊಕ್ಕ ಮಾಡುವ ಇನ್ನೊಂದು ತೆಳು ಹಾಳೆ. ಮಿನಿ ಎಲ್‌ಇಡಿಯಲ್ಲಿ ದೀಪಗಳನ್ನೇ ಸಾಸಿವೆಯಷ್ಟು ಸಣ್ಣದು ಮಾಡಿ ರಾಶಿ ಜೋಡಿಸಿರುತ್ತಾರೆ. ಓಎಲ್‌ಇಡಿಗೆ ಹಿಂದಿನ ದೀಪವೇ ಇಲ್ಲ; ಒಂದೊಂದು ಚುಕ್ಕಿಯೂ ತಾನೇ ಹತ್ತಿಕೊಂಡು ತಾನೇ ಆರುತ್ತದೆ, ಅದಕ್ಕೇ ಅದರ ಕಪ್ಪು ಅಪ್ಪಟ ಕಪ್ಪು. ಇದನ್ನು ಊಟಕ್ಕೆ ಕೂತಾಗ ವಿವರಿಸಿದರೆ ನಮ್ಮನೆಯವರು, ‘ಕಪ್ಪು ನೋಡೋಕೆ ಅಷ್ಟು ದುಡ್ಡಾ? ಆಫ್ ಮಾಡಿದರೆ ನಮ್ಮ ಹಳೇದೂ ಕಪ್ಪೇ’ ಎಂದು ಸಾರಿಗೆ ಕೈಹಾಕಿದರು. ಕಚೇರಿಯಲ್ಲಿ ನನಗೆ ಪಿಕ್ಸೆಲ್ ಮೇಡಂ ಎಂದು ಹೆಸರು ಬಿತ್ತು. ನಾನು ಬಗ್ಗಲಿಲ್ಲ.

ಇಷ್ಟೊಂದು ಹಟಕ್ಕೆ ಕಾರಣ ಟೀವಿಯಲ್ಲ, ಅವ್ವ. ಅವ್ವ ನಮ್ಮ ಜೊತೆ ಇರುತ್ತಾಳೆ, ಎಪ್ಪತ್ತು ದಾಟಿದೆ. ಹೋದ ವರ್ಷ ಅವಳ ಬಲಗಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ಅವಳು ನನ್ನ ಮುಖ ನೋಡಲಿಲ್ಲ, ಡಾಕ್ಟರ ಮುಖವನ್ನೂ ನೋಡಲಿಲ್ಲ. ಸೊಂಟದ ಎಲೆಅಡಿಕೆ ಚೀಲದಿಂದ ಒಂದು ಅರಿಸಿನದ ಕೊಂಬು ತೆಗೆದು, ಬೆಳಕಿಗೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. ಆಮೇಲೆ ತೀರ್ಪು ಕೊಟ್ಟಳು.

‘ಈ ಕಣ್ಣ ಕೆಡುಸ್ಬುಟ್ರು ಕಣಮ್ಮಿ. ಅರಿಸ್ಣ ಬಿಳಿಚ್ಕಂಡಂಗ್ ಕಾಣ್ತದ. ಈ ಎಡಗಣ್ಣೇ ಸರಿಯಾಗದ. ಇದ್ನ ಯಾರ್ಗೂ ಮುಟ್ಟಕ ಬುಡಕಿಲ್ಲ.’

ಎಡಗಣ್ಣಿನ ಪೊರೆ ಬಲಿಯುತ್ತಿದೆ, ತಡ ಮಾಡಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದರು. ಎರಡು ಸಲವೂ ಗೊತ್ತುಮಾಡಿದ ದಿನ ಅವ್ವ ಹಾಸಿಗೆಯಿಂದ ಏಳಲಿಲ್ಲ. ಈ ನಡುವೆ ಬಚ್ಚಲ ಮೆಟ್ಟಿಲನ್ನು ಎರಡು ಸಲ ತಪ್ಪಿ ಮೊಣಕಾಲು ತರಚಿಕೊಂಡಳು. ನನಗೆ ಹೆದರಿಕೆ ಶುರುವಾಯಿತು. ಬೇಡಿಕೊಂಡೆ, ಗದರಿದೆ, ಒಂದು ದಿನ ಅತ್ತೂ ನೋಡಿದೆ. ಅವ್ವ ಬಗ್ಗುವ ಪೈಕಿಯಲ್ಲ. ನನ್ನ ಹಟ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಆಗ ನನಗೊಂದು ಯೋಚನೆ ಬಂತು. ಬಣ್ಣದ ವಿಷಯದಲ್ಲಿ ಅವ್ವ ಬಾಯಿಮಾತು ನಂಬುವವಳಲ್ಲ, ಕಣ್ಣಿಗೆ ಕಂಡದ್ದನ್ನೇ ನಂಬುವವಳು. ಬಣ್ಣವನ್ನು ಇದ್ದದ್ದು ಇದ್ದ ಹಾಗೆ ತೋರಿಸುವ ಟೀವಿ ಮನೆಯಲ್ಲಿದ್ದರೆ, ಯಾವ ಕಣ್ಣು ನಿಜ ಹೇಳುತ್ತಿದೆ ಎಂದು ದಿನಾ ಕೂತಲ್ಲೇ ಗೊತ್ತಾಗುತ್ತದಲ್ಲ. ‘ಕಣ್ಣಿನ ಡಾಕ್ಟರ ಕೈಲಿ ಆಗದ್ದು ಟೀವಿ ಕೈಲಿ ಆಗುತ್ತಾ?’ ಎಂದರು ನಮ್ಮನೆಯವರು. ‘ಆಗಿಸ್ತೀನಿ’ ಎಂದೆ.

ಅವ್ವನಿಗೂ ಅರಿಸಿನಕ್ಕೂ ಏನು ಸಂಬಂಧ ಎಂದು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮೂರು ಹಂಗಳ. ಅಲ್ಲಿಂದ ದಿನಾ ಬೆಳಿಗ್ಗೆ ಏಳೆಂಟು ಹೆಂಗಸರು ಬಸ್ಸು ಹತ್ತಿ ಗುಂಡ್ಲುಪೇಟೆಯ ಅರಿಸಿನದ ಮಂಡಿಗೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಬೇಯಿಸಿ ಒಣಗಿಸಿದ ಅರಿಸಿನದ ರಾಶಿಯ ಮುಂದೆ ಕೂತು ಕೊಂಬು ಬೇರೆ, ಗಡ್ಡೆ ಬೇರೆ, ಹುಳುಕು ಬೇರೆ ಮಾಡುವುದು. ಆದರೆ ಒಂದು ರಾಶಿ ಒಳ್ಳೆಯದೋ ಅಲ್ಲವೋ ಎಂಬುದು ಮೇಲೆ ನೋಡಿದರೆ ತಿಳಿಯುವುದಿಲ್ಲ. ರಾಶಿಯ ನಡುವಿಂದ ಒಂದು ಕೊಂಬು ಎತ್ತಿ ಟಕ್ಕೆಂದು ಮುರಿದು ಒಳಗಿನ ಬಣ್ಣ ನೋಡಬೇಕು. ಒಳಗೆ ಕೆಂಪು ಬೆರೆತ ಹಳದಿ ಇದ್ದರೆ ಒಳ್ಳೆಯ ಮಾಲು, ಬಿಳಿಚಿಕೊಂಡಿದ್ದರೆ ಕಳಪೆ. ಆ ಮುರಿದು ನೋಡುವ ಕೆಲಸ ಅವ್ವನದು. ಮಂಡಿಯ ಸಾಹುಕಾರರು ಸ್ವತಃ ಮುರಿದು ನೋಡಿದ ಮೇಲೂ ‘ಮಾದೇವಮ್ಮನ್ನ ಕರೀರಿ’ ಎನ್ನುತ್ತಿದ್ದರು.

ಸಂಜೆ ಬಸ್ಸಿಳಿಯುವಾಗ ಅವರೆಲ್ಲ ತಲೆಯಿಂದ ಕಾಲಿನವರೆಗೆ ಹಳದಿ. ಕೂತ ಸೀಟೂ ಹಳದಿಯಾಗುತ್ತದೆಂದು ಕಂಡಕ್ಟರು ಅವರನ್ನು ಹಿಂದಿನ ಸೀಟಿಗೆ ಅಟ್ಟುತ್ತಿದ್ದ. ಅವ್ವ ತಲೆ ಬಾಚಿದ ದಿನ ನನ್ನ ಬೈತಲೆ ಹಳದಿ, ಲೆಕ್ಕದ ಪುಸ್ತಕದ ಮೂಲೆ ಹಳದಿ, ಮೊಸರನ್ನದ ಮೇಲೆ ಐದು ಬೆರಳು ಹಳದಿ. ಶಾಲೆಯಲ್ಲಿ ನನ್ನನ್ನು ಅರಿಸಿನದ ಕೂಸು ಎಂದು ರೇಗಿಸುತ್ತಿದ್ದರು. ಆಗ ನಾಚಿಕೆಯಾಗುತ್ತಿತ್ತು, ಈಗ ಯಾರಾದರೂ ಹಾಗೆ ಕರೆದರೆ ಕಾಫಿ ಮಾಡಿಕೊಡುತ್ತೇನೆ.

ನಮ್ಮೂರಿಗೆ ಮೊದಲ ಟೀವಿ ಬಂದದ್ದು ಮೇಷ್ಟ್ರ ಮನೆಗೆ. ಕಪ್ಪು ಬಿಳುಪಿನದು. ಅದನ್ನು ಬಣ್ಣದ್ದು ಮಾಡಬೇಕೆಂದು ಮೇಷ್ಟ್ರು ಸಂತೆಯಿಂದ ಒಂದು ಪ್ಲಾಸ್ಟಿಕ್ ಹಾಳೆ ತಂದು ಗಾಜಿಗೆ ಅಂಟಿಸಿದರು. ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು. ಬಯಲಿನ ಚಿತ್ರ ಬಂದರೆ ಸರಿಯೇ, ಆಕಾಶ ನೀಲಿ, ಹುಲ್ಲು ಹಸಿರು. ಮನುಷ್ಯರು ಬಂದರೆ ಮಾತ್ರ ನೀಲಿ ಹಣೆ, ಹಳದಿ ಮೂಗು, ಹಸಿರು ಗದ್ದ. ಊರೆಲ್ಲ ಬಾಯಿಬಿಟ್ಟು ನೋಡುತ್ತಿದ್ದಾಗ ಅವ್ವ ಒಬ್ಬಳೇ, ‘ಸ್ವಾಮಿ, ಮುಂದ್ಗಡೆ ಕಾಗ್ದ ಕಿತ್ರೆ ಚಿತ್ರ ಸರಿಯಾಗ್ ಕಾಣ್ತದ’ ಎಂದಳು. ಮೇಷ್ಟ್ರಿಗೆ ಅವಮಾನವಾಯಿತು. ಮುಂದಿನ ಭಾನುವಾರ ನಮಗೆ ಕಿಟಕಿಯ ಹೊರಗೆ ಜಾಗ ಸಿಕ್ಕಿತು. ಅವ್ವನ ಪಕ್ಕ ಕೂತಿದ್ದ ಪುಟ್ಟಮ್ಮ ತಾನಾಗಿ ಎದ್ದು ನಮ್ಮ ಜೊತೆ ಹೊರಗೆ ಬಂದು ನಿಂತಳು.

ಪುಟ್ಟಮ್ಮ ಮಂಡಿಯಲ್ಲೂ ಅವ್ವನ ಪಕ್ಕವೇ ಕೂರುತ್ತಿದ್ದವಳು. ಬಸ್ಸಲ್ಲಿ ಪಕ್ಕ, ಊಟಕ್ಕೆ ಪಕ್ಕ, ಅವ್ವನ ಎಲೆಅಡಿಕೆ ಚೀಲದಲ್ಲಿ ಅವಳ ಕೈ. ಮೂವತ್ತು ವರ್ಷ ಹೀಗೆ ನಡೆದದ್ದು ಆರು ವರ್ಷದ ಹಿಂದೆ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಒಂದು ದೊಡ್ಡ ರಾಶಿ ಬಂದಿತ್ತು. ಅವ್ವ ಮುರಿದು ನೋಡಿ ಒಳ್ಳೆಯ ಮಾಲು ಎಂದಳು. ಪುಟ್ಟಮ್ಮ ಇನ್ನೊಂದು ಕೊಂಬು ಎತ್ತಿ, ತುದಿ ಮುರಿದು ನೋಡಿ, ‘ಇದು ಬಿಳಿಚ್ಕಂಡದ, ನೋಡ್ಕ’ ಎಂದು ಅವ್ವನ ಮಡಿಲಿಗೆ ಎಸೆದಳು. ಎಲ್ಲರ ಮುಂದೆ ಅವ್ವ, ‘ನಿನ್ ಕಣ್ಣು ಓಗದ ಪುಟ್ಟಮ್ಮ, ಮನೇಲಿ ಕೂತ್ಕ ಓಗು’ ಎಂದುಬಿಟ್ಟಳು. ಸಾಹುಕಾರರು ಅವ್ವನ ಮಾತನ್ನೇ ಹಿಡಿದರು. ಮಾರನೇ ದಿನದಿಂದ ಪುಟ್ಟಮ್ಮ ಬಸ್ಸು ಹತ್ತಲಿಲ್ಲ. ಅವರಿಬ್ಬರಿಗೆ ಆಮೇಲೆ ಮಾತಿಲ್ಲ. ಎರಡು ವರ್ಷ ಕಳೆದು ಅವ್ವನೂ ಮಂಡಿ ಬಿಟ್ಟು ನಮ್ಮ ಮನೆಗೆ ಬಂದಳು.

ಬಂದವಳು ಮೊದಲು ಕೈಹಾಕಿದ್ದು ನಮ್ಮ ಬಟ್ಟೆ ಒಗೆತಕ್ಕೆ. ನಾನು ಒಗೆದದ್ದು ಯಾವುದೂ ಅವಳಿಗೆ ಬೆಳ್ಳಗೆ ಕಾಣುತ್ತಿರಲಿಲ್ಲ. ‘ಯಾನಮ್ಮಿ ಇದು, ಅಂಗಿ ಎಲ್ಲ ಅಳದಿ ಆಗದ, ನೀಲಿ ಆಕು’ ಎನ್ನುವಳು. ಹಾಕಿದೆ. ‘ಇನ್ನೂ ಆಕು.’ ಇನ್ನೂ ಹಾಕಿದೆ. ನಮ್ಮನೆಯವರ ಬಿಳಿ ಅಂಗಿಗಳೆಲ್ಲ ತಿಳಿ ಆಕಾಶದ ಬಣ್ಣಕ್ಕೆ ತಿರುಗಿದವು; ಅವರು ಡಿಪೋದಲ್ಲಿ ‘ಏನ್ ಸಾರ್, ಹೊಸ ಯೂನಿಫಾರ್ಮಾ?’ ಎಂದು ಕೇಳಿಸಿಕೊಂಡು ಬಂದರು. ಮೂರು ವರ್ಷ ಈ ದೂರು ನಡೆದು ಹೋದ ವರ್ಷ ಒಮ್ಮೆಲೇ ನಿಂತಿತು. ನಾನು ಆಗಷ್ಟೇ ಬದಲಾಯಿಸಿದ್ದ ಸೋಪಿನ ಪುಡಿಯನ್ನು ಹತ್ತು ಜನರಿಗೆ ಶಿಫಾರಸು ಮಾಡಿದೆ. ದೂರು ನಿಂತದ್ದು ಕಣ್ಣಿನ ಆಪರೇಶನ್ ಆದ ತಿಂಗಳಲ್ಲಿ ಎಂಬುದು ಪಿಕ್ಸೆಲ್ ಮೇಡಂ ತಲೆಗೆ ಹೊಳೆಯಲೇ ಇಲ್ಲ.

ಸರಿ, ಒಂದು ಭಾನುವಾರ ಅವ್ವನನ್ನೂ ನಮ್ಮನೆಯವರನ್ನೂ ಕರೆದುಕೊಂಡು ಚಾಮರಾಜನಗರದ ದೊಡ್ಡ ಶೋರೂಮಿಗೆ ಹೋದೆ. ಗೋಡೆ ತುಂಬ ಟೀವಿಗಳು, ಎಲ್ಲದರಲ್ಲೂ ಗಿಳಿ, ಕುಯ್ದ ದಾಳಿಂಬೆ, ಯಾವುದೋ ದೇಶದ ಸಮುದ್ರ. ಟೈ ಕಟ್ಟಿದ ಸೇಲ್ಸಿನವರು ‘ಕಲರ್ ನೋಡಿ ಮೇಡಂ, ಎದ್ದು ಬರ್ತಾ ಇದೆ’ ಎಂದರು. ನಿಜ, ಗಿಳಿ ಎದ್ದು ಬಂದು ನನ್ನ ಹೆಗಲ ಮೇಲೆ ಕೂರುವುದೊಂದು ಬಾಕಿ. ನನಗೆ ಎಲ್ಲವೂ ಚೆಂದವಾಗಿಯೇ ಕಂಡವು. ಎರಡು ತಿಂಗಳ ಓದೆಲ್ಲ ಆ ಗಿಳಿಯ ಮುಂದೆ ಮರೆತುಹೋಯಿತು. ಹಳದಿ ಹೂವಿನ ಹೊಲವೊಂದು ಬಂದಾಗ ಅವ್ವ ತನ್ನ ಕೊಂಬು ತೆಗೆದು ಪರದೆಯ ಪಕ್ಕ ಹಿಡಿದಳು.

‘ಇದು ಸುಳ್ಳಳದಿ. ಇದಕ್ಕ ಬಣ್ಣ ಕೊಟ್ಟವ್ರ ಕಣಮ್ಮಿ.’

ಮಾಲು ಮಂಕಾಗಿದ್ದರೆ ಅದರ ಮೇಲೆ ಬಣ್ಣದ ಪುಡಿ ಬಳಿದು ಉಜ್ಜಿ ಹೊಳಪು ಮಾಡುವವರೂ ಇರುತ್ತಾರೆ. ಅದಕ್ಕೆ ಮಂಡಿಯ ಮಾತು ಬಣ್ಣ ಕೊಡುವುದು. ಅವ್ವ ಸೇಲ್ಸಿನವರಿಗೆ, ‘ಮ್ಯಾಲ್ ಮ್ಯಾಲ ತೋರುಸ್ಬ್ಯಾಡಪ್ಪ, ಮುರ್ದು ತೋರ್ಸು’ ಎಂದಳು. ಅವರು ಒಂದು ಹೆಜ್ಜೆ ಮುಂದೆ ಬಂದು ಎರಡೂ ಕೈ ಅಗಲಿಸಿ ಟೀವಿಗೆ ಅಡ್ಡ ನಿಂತುಕೊಂಡರು. ನಮ್ಮನೆಯವರು ಪಾರ್ಕಿಂಗ್ ನೋಡಿ ಬರುತ್ತೇನೆಂದು ಹೊರಗೆ ಹೋದರು.

ಆದರೆ ಅವ್ವನ ಮಾತು ನನಗೆ ನಾಟಿತು. ಅವರು ತೋರಿಸಿದ್ದನ್ನು ನೋಡಿದರೆ ಟೀವಿ ಗೊತ್ತಾಗುವುದಿಲ್ಲ, ನಮಗೆ ಗೊತ್ತಿರುವುದನ್ನು ಅದರಲ್ಲಿ ಹಾಕಿ ನೋಡಬೇಕು. ಮನೆಗೆ ಬಂದು ಅಡುಗೆಮನೆಯ ಡಬ್ಬದಿಂದ ಒಳ್ಳೆಯ ಕೊಂಬೊಂದನ್ನು ಆರಿಸಿ, ಮುರಿದು, ತಾರಸಿಯ ಹಗಲು ಬೆಳಕಲ್ಲಿ ಬಿಳಿ ತಟ್ಟೆಯ ಮೇಲಿಟ್ಟು ಫೋಟೊ ತೆಗೆದೆ. ‘ಫೋನೇ ಸುಳ್ಳು ಹೇಳಿದರೆ?’ ಎಂದರು ನಮ್ಮನೆಯವರು. ಆ ಮಾತಿಗೆ ಒಂದು ದಿನ ಅವರೊಡನೆ ಮಾತಾಡಲಿಲ್ಲ. ಮಾರನೇ ದಿನ ಅವರ ಫೋನಲ್ಲೂ, ಎದುರು ಮನೆಯಾಕೆಯ ಫೋನಲ್ಲೂ ತೆಗೆದು, ಕೊಂಬಿನ ಪಕ್ಕವೇ ಹಿಡಿದು ನೋಡಿ, ಸರಿಯಾಗಿ ಹೊಂದಿದ ಒಂದನ್ನು ಪೆನ್‌ಡ್ರೈವಿಗೆ ಹಾಕಿದೆ. ಕೊಂಬನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಮುಂದಿನ ಭಾನುವಾರ ನಾನು, ಅವ್ವ ಇಬ್ಬರೇ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ಅಲ್ಲಿ ಎಲ್ಲರೂ ಚೇಟ ಎಂದು, ಅಂದರೆ ಮಲಯಾಳದಲ್ಲಿ ಅಣ್ಣ ಎಂದು, ಕರೆಯುವ ಒಬ್ಬರ ಟೀವಿ ಅಂಗಡಿ ಇದೆ. ವಯನಾಡು ಕಡೆಯವರು, ಹರೆಯದಲ್ಲಿ ಚೀಲ ಹೆಗಲಿಗೆ ಹಾಕಿ ಹಳ್ಳಿಹಳ್ಳಿ ತಿರುಗಿ ಪಿಕ್ಚರ್ ಟ್ಯೂಬು ರಿಪೇರಿ ಮಾಡುತ್ತಿದ್ದರಂತೆ. ಬೆಳ್ಳನೆ ಪಂಚೆ, ಬೆಳ್ಳನೆ ತಲೆ. ನನ್ನ ಪೆನ್‌ಡ್ರೈವ್ ನೋಡಿ ಅವರು ನಗಲಿಲ್ಲ.

‘ಅಂಗಡೀಲಿರೋ ಟೀವಿ ಎಲ್ಲ ಮದುವೆ ಹೆಣ್ಣು ಇದ್ದಂಗೆ ಅಮ್ಮಾ. ಮೊದಲು ಮುಖ ತೊಳೆಸೋಣ’ ಎಂದು ರಿಮೋಟು ಹಿಡಿದು ಒಳಗೊಳಗಿನ ಪಟ್ಟಿಗೆ ಹೋಗಿ ಎದ್ದು ಬರುವ ಬಣ್ಣವನ್ನೆಲ್ಲ ಇಳಿಸಿದರು. ಒಂದು ಓಎಲ್‌ಇಡಿ, ಒಂದು ಕ್ಯೂಎಲ್‌ಇಡಿ, ಅಕ್ಕಪಕ್ಕ. ಎರಡರಲ್ಲೂ ನನ್ನ ಮುರಿದ ಅರಿಸಿನ ಬಂದು ನಿಂತಿತು, ಮೊಳದುದ್ದ. ನಾನು ಕರವಸ್ತ್ರ ಬಿಚ್ಚಿ ನಿಜದ ಕೊಂಬನ್ನು ಪಕ್ಕ ಹಿಡಿದೆ. ಕ್ಯೂಎಲ್‌ಇಡಿಯ ಜೊತೆ ತೂಕ ಮಾಡಿದ ಹಾಗೆ ಹೊಂದಿತು. ಓಎಲ್‌ಇಡಿಯೂ ಹೊಂದಿತು, ಆದರೆ ಬಾಗಿಲ ಬೆಳಕಲ್ಲಿ ಸ್ವಲ್ಪ ಮಂಕು. ನಮ್ಮ ಹಾಲಿಗೆ ಹಗಲೆಲ್ಲ ಬೆಳಕು, ಅವ್ವ ನೋಡುವುದೂ ಹಗಲಲ್ಲೇ. ಎರಡು ತಿಂಗಳ ವಿದ್ಯೆ ಎರಡು ನಿಮಿಷಕ್ಕೆ ದಡ ಸೇರಿತು ಎಂದು ಹಿಗ್ಗಿದೆ.

ಆಗ ಅವ್ವ ತನ್ನ ಚೀಲದ ಕೊಂಬು ತೆಗೆದಳು. ಈ ಸಲ ಅದನ್ನು ಟಕ್ಕೆಂದು ನಡುವಿಗೆ ಮುರಿದಳು. ಮುರಿದ ಮೈಯನ್ನು ನನ್ನ ಕೊಂಬಿನ ಪಕ್ಕ, ಪರದೆಯ ಮುಂದೆ ಹಿಡಿದು ಬಲಗಣ್ಣು ಮುಚ್ಚಿದಳು. ‘ಮೂರೂ ಒಂದೇ’ ಎಂದಳು. ಎಡಗಣ್ಣು ಮುಚ್ಚಿದಳು. ‘ನಿಂದೂ ಟೀವಿದೂ ಒಂದು. ನಂದು ಬ್ಯಾರೆ’ ಎಂದಳು. ‘ಈ ಕೆಟ್ಟ ಕಣ್ಣಲ್ಲಿ ನಂದು ಬಿಳಿಚ್ಕಂಡದ.’

ನಾನು ನೋಡಿದೆ. ನನ್ನ ಎರಡೂ ಕಣ್ಣಿಗೆ ಅವಳ ಕೊಂಬು ಬಿಳಿಚಿಕೊಂಡೇ ಇತ್ತು. ನನ್ನದನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದೆ.

ಚೇಟ ನಮ್ಮಿಬ್ಬರ ಮುಖ ನೋಡಿ, ‘ಇರಿ, ಬರೀ ಬಿಳಿ ಹಾಕ್ತೀನಿ. ಪರದೇಲಿ ಏನಾದರೂ ಐಬು ಇದ್ದರೆ ಅದರಲ್ಲಿ ಗೊತ್ತಾಗ್ತದೆ’ ಎಂದರು. ಪರದೆ ತುಂಬ ಹಾಲಿನಂಥ ಬಿಳಿ ಬಂತು. ಅವ್ವ ಬಲಗಣ್ಣು ಮುಚ್ಚಿ ನೋಡಿದಳು.

‘ಇದೂ ಅಳದಿ ಅದಲ್ಲಪ್ಪ.’

ಎಡಗಣ್ಣು ಮುಚ್ಚಿದಳು. ಆಮೇಲೆ ಪರದೆ ಬಿಟ್ಟು ಚೇಟನ ಕಡೆ ತಿರುಗಿದಳು. ಮತ್ತೆ ಬಲಗಣ್ಣು ಮುಚ್ಚಿ, ‘ನಿಮ್ ಪಂಚ ಒಗೆದ್ ಎಷ್ಟ್ ದಿನ ಆಯ್ತು?’ ಎಂದು ಕೇಳಿದಳು.

‘ಇವತ್ತು ಬೆಳಿಗ್ಗೆ ಉಟ್ಟದ್ದು ಅಮ್ಮಾ. ನೀಲಿ ಹಾಕಿ ಒಗೆದದ್ದು.’

ಅವ್ವ ಕಣ್ಣು ಬದಲಾಯಿಸಿದಳು. ಮತ್ತೊಮ್ಮೆ ಬದಲಾಯಿಸಿದಳು. ನನ್ನ ತಲೆಯಲ್ಲಿ ಮೂರು ವರ್ಷದ ನೀಲಿ ಅಂಗಿಗಳೆಲ್ಲ ಸಾಲಾಗಿ ತಂತಿಯ ಮೇಲೆ ಹಾರಾಡಿದವು. ಅವ್ವ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

‘ಮೇಷ್ಟ್ರ ಮನೆ ಟೀವಿಗ ಅಂಟುಸಿದ್ರಲ್ಲ ಆ ಪಿಲಾಸ್ಟಿಕ್ ಕಾಗ್ದ,’ ಎಂದಳು, ‘ಅದು ನನ್ ಕಣ್ಗ ಅಂಟ್ಕಂಡದ ಕಣಮ್ಮಿ.’

ನಾನು ಗೆದ್ದಿದ್ದೆ. ಅಂದುಕೊಂಡದ್ದು ಅಂದುಕೊಂಡ ಹಾಗೇ ಆಗಿತ್ತು. ಆದರೆ ಅವ್ವನ ಮುಖ ನೋಡಿ ಖುಷಿಪಡುವುದು ಸಾಧ್ಯವಾಗಲಿಲ್ಲ. ಅವಳು ಕೈಯಲ್ಲಿದ್ದ ಎರಡು ತುಂಡನ್ನು ನೋಡುತ್ತ, ‘ಇದ್ಯಾವ ಕೊಂಬು ಗೊತ್ತಾ?’ ಎಂದಳು. ‘ಪುಟ್ಟಮ್ಮ ನನ್ ಮಡ್ಲಿಗ ಎಸ್ದಳಲ್ಲ, ಅದು. ಅವ್ಳು ಬಂದು ತೆಪ್ಪಾಯ್ತು ಅನ್ಲಿ, ಆಗ ನಡೂಕ್ ಮುರ್ದು ತೋರ್ಸನ ಅಂತ ಮಡಗಿದ್ದಿ.’

ಆರು ವರ್ಷ ಎಲೆಅಡಿಕೆಯ ಜೊತೆ ಸೊಂಟದಲ್ಲಿ ಇಟ್ಟುಕೊಂಡಿದ್ದಳು. ಅದನ್ನೇ ಒಳ್ಳೆಯ ಅರಿಸಿನದ ಮಾದರಿ ಎಂದು ಡಾಕ್ಟರ ಮುಂದೆ ಹಿಡಿದಿದ್ದಳು, ಶೋರೂಮಿನ ಗಿಳಿಯ ಮುಂದೆಯೂ ಹಿಡಿದಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಪಾಪ ಅನ್ನಿಸಿತು. ‘ಈ ಟೀವೀನೇ ಕಟ್ಟಿಕೊಡಿ’ ಎಂದು ಚೇಟನಿಗೆ ಹೇಳುವಷ್ಟರಲ್ಲಿ ಅವ್ವ ಮೆಟ್ಟಿಲಿಳಿದಿದ್ದಳು. ‘ಟೀವಿ ಅತ್ಲಾಗಿರ್ಲಿ. ನಮ್ಮೂರ್ ಬಸ್ಸು ಅತ್ತನ ನಡಿ.’

ಬಸ್ಸಲ್ಲಿ ಕಿಟಕಿಯಾಚೆ ಗೋಪಾಲಸ್ವಾಮಿ ಬೆಟ್ಟದ ತಲೆಗೆ ಮೋಡ ಕೂತಿತ್ತು. ಅವ್ವ ಅದನ್ನೂ ಒಂದೊಂದೇ ಕಣ್ಣಲ್ಲಿ ನೋಡಿದಳು. ಸಮಯ ನೋಡಿ ನಾನು, ‘ಹಂಗಾದ್ರೆ ಎಡಗಣ್ಣಿಗೆ ದಿನ ಗೊತ್ತುಮಾಡಲಾ ಅವ್ವ?’ ಎಂದೆ.

‘ಬ್ಯಾಡ. ಇದೇ ಕಣ್ ತಾನೆ ಅವ್ಳ ಕೆಲ್ಸ ಬುಡುಸಿದ್ದು? ಅಂಗೇ ಮುಚ್ಕಂಡ್ ಓಗ್ಲಿ. ಅನುಬವ್ಸಲಿ.’

ಕಣ್ಣಿಗೆ ಶಿಕ್ಷೆ ಕೊಡಲು ಹೊರಟವಳ ಜೊತೆ ಏನು ವಾದ ಮಾಡುವುದು. ನನ್ನ ಟೀವಿ ಗೆದ್ದು, ನಾನು ಸೋತಿದ್ದೆ. ಹಂಗಳ ಬಂದಾಗ ಅವ್ವ ನನಗಿಂತ ಮೊದಲು ಇಳಿದು ಪುಟ್ಟಮ್ಮನ ಮನೆಯ ದಾರಿ ಹಿಡಿದಳು.

ಪುಟ್ಟಮ್ಮ ಮನೆಯ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನಾವು ಎದುರಿಗೇ ನಿಂತರೂ ತಲೆಯೆತ್ತಿ ‘ಯಾರು?’ ಎಂದಳು.

‘ನಾನು’ ಎಂದಳು ಅವ್ವ.

ಮೊರದ ಮೇಲಿನ ಕೈ ನಿಂತಿತು. ಬೀದಿಯಲ್ಲಿ ಒಂದು ಬಸ್ಸು ಹಾದುಹೋಯಿತು. ಆಮೇಲೆ ಪುಟ್ಟಮ್ಮ ಮೊರ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ಅವ್ವ ಕೂತು ಕೊಂಬಿನ ತುಂಡು ಅವಳ ಅಂಗೈಗೆ ಇಟ್ಟಳು.

‘ಅವತ್ ನೀ ಎಸ್ದ ಕೊಂಬು ಕಣ ಇದು. ನೀ ಯೋಳಿದ್ದೇ ಸರಿ. ನನ್ ಕಣ್ಣೇ ಓಗಿತ್ತು.’

ಪುಟ್ಟಮ್ಮ ತುಂಡನ್ನು ಮೂಗಿನ ಹತ್ತಿರ ತಂದು, ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

‘ಚೆಂದಾಗದಲ್ಲ ಕಣ’ ಎಂದಳು. ‘ಒಳ್ಳೆ ಬಣ್ಣ ಅದ.’

‘ಸರಿಯಾಗ್ ನೋಡು.’

‘ನೋಡ್ದಿ. ನಂದೇ ತೆಪ್ಪು ಮಾದೇವಿ. ಎಲ್ರ ಮುಂದ ಕಣ್ ಓಗದ ಅಂದೆಲ್ಲ, ಆಗ ಕ್ವಾಪ ಬಂತು. ಆಮ್ಯಾಕ ನಿಜ್ವಾಗೂ ಮಬ್ಬಾಗ್ತ ಬಂತು. ಅವತ್ತೇ ಓಗಿತ್ತೇನೊ, ನಂಗ ಗೊತ್ತಾಗ್ಲಿಲ್ವೇನೊ ಅನ್ಕಂಡಿ. ನಿಂಗ ಯೋಳಿ ಕಳ್ಸಬೇಕು ಅಂತಿದ್ದಿ. ಯಾರ್ ಕೈಲಿ ಯೋಳ್ಕಳ್ಸದು.’

ಅವ್ವ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗಣ್ಣು ಮುಚ್ಚಿ, ಕೆಟ್ಟುಹೋಗಿದೆ ಎಂದು ವರ್ಷವೆಲ್ಲ ಬೈದ ಬಲಗಣ್ಣಲ್ಲಿ ಪುಟ್ಟಮ್ಮನ ಕಣ್ಣೊಳಗೆ ನೋಡಿದಳು. ಎರಡರಲ್ಲೂ ಬಿಳಿ ಕೂತಿತ್ತು. ಅದು ನಿಂತಲ್ಲಿಂದ ನನಗೂ ಕಂಡಿತು.

‘ನಿನ್ ಕಣ್ಗ ಈಗ ಪೊರೆ ಬಂದದ. ಅವತ್ತು ಚೆನ್ನಾಗಿತ್ತು. ತೆಪ್ಪು ನಂದು.’

‘ನಂದು ಕಣ.’

‘ನಂದು ಅಂತ ಯೋಳ್ತಾವ್ನಿ, ಮುಚ್ಕಂಡ್ ಕೇಳು.’

ಆರು ವರ್ಷದ ಹಿಂದೆ ನಾನು ಸರಿ ನಾನು ಸರಿ ಎಂದು ಮಾತು ಬಿಟ್ಟವರು ಈಗ ನಾನು ತಪ್ಪು ನಾನು ತಪ್ಪು ಎಂದು ಇನ್ನೊಂದು ಜಗಳಕ್ಕೆ ನಿಂತರು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ನನಗೆ ನಗು ಬಂತು. ಕೊನೆಗೆ ಅವ್ವ, ‘ನಡಿ ಆಸ್ಪತ್ರೆಗ. ಕಣ್ ತೆಗುಸ್ಕಂಡ್ ಬಂದು ಆಮೇಲ್ ನೋಡಿ ಯೋಳು’ ಎಂದಳು.

‘ನಂಗ್ಯಾಕ ಬುಡು. ನೀ ಎರಡೂ ತೆಗುಸ್ದಾ?’

ಅವ್ವ ಸೆರಗು ಸರಿಮಾಡಿಕೊಂಡಳು. ‘ಒಂದು.’

‘ಇನ್ನೊಂದ್ಯಾಕ ಬುಟ್ಟೆ? ಎದ್ರಿಕೆಯಾ?’

ಅವ್ವ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಮಂಡಿಯಲ್ಲಿ ತೀರ್ಪು ಕೊಡುವಾಗಿನ ಗತ್ತು ಬಂದಿತ್ತು. ‘ಅಮ್ಮಿ, ಡಾಕ್ಟ್ರಿಗ ಪೋನ್ ಮಾಡು. ನಂದೊಂದು, ಇವಳ್ದೊಂದು. ಇವಳೇ ಗೆದ್ದವಳೆ ಅಂತ ಇವಳ್ಗ ಕಾಣಸ್ಬೇಕಲ್ಲ.’

ಟೀವಿ ಆ ವಾರವೇ ಬಂತು. ಚೇಟನೇ ಬಂದು ಗೋಡೆಗೆ ಹಾಕಿ, ಮುಖ ತೊಳೆಸಿ ಹೋದರು. ಅವ್ವ ತನ್ನ ಕೊಂಬಿನ ಎರಡೂ ತುಂಡನ್ನು ಹಿತ್ತಾಳೆ ಬಟ್ಟಲಿಗೆ ಹಾಕಿ ರಿಮೋಟಿನ ಪಕ್ಕ ಇಟ್ಟಳು. ಆಸ್ಪತ್ರೆಯಲ್ಲಿ ಒಂದೇ ದಿನ ಇಬ್ಬರಿಗೂ ಆಪರೇಶನ್ ಆಯಿತು, ಅವ್ವನಿಗೆ ಎಡಗಣ್ಣು, ಪುಟ್ಟಮ್ಮನಿಗೆ ಬಲಗಣ್ಣು. ಪುಟ್ಟಮ್ಮನ ಇನ್ನೊಂದಕ್ಕೂ ದಿನ ಗೊತ್ತಾಗಿದೆ. ಪಟ್ಟಿ ಬಿಚ್ಚಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಇಬ್ಬರೂ ನಮ್ಮ ಹಾಲಿನಲ್ಲಿ ಹೊಸ ಟೀವಿಯ ಎದುರು ಅಕ್ಕಪಕ್ಕ ಕೂತರು. ಅದನ್ನು ಆರಿಸಿದ ಸಾಹಸ ಹೇಳಲು ನಾನು ಬಾಯಿ ತೆರೆಯುತ್ತಿದ್ದೆ. ಅವ್ವ ಬಟ್ಟಲಿನಿಂದ ಕೊಂಬಿನ ತುಂಡು ತೆಗೆದು ಪುಟ್ಟಮ್ಮನ ಕೈಗೆ ಕೊಟ್ಟಳು. ಪುಟ್ಟಮ್ಮ ಕನ್ನಡಕ ತೆಗೆದಿಟ್ಟು, ಪೊರೆ ಹೋದ ಕಣ್ಣಲ್ಲಿ ನೋಡಿದಳು.

‘ಬಿಳಿಚ್ಕಂಡದ’ ಎಂದಳು ಮೆಲ್ಲಗೆ.

‘ಊಂ’ ಎಂದಳು ಅವ್ವ.

ನಾನು ರಿಮೋಟು ಎತ್ತಿಕೊಂಡು, ‘ಟೀವಿ ಹಾಕಲಾ?’ ಎಂದೆ.

‘ಇರು ಕಣಮ್ಮಿ’ ಎಂದಳು ಅವ್ವ. ‘ಇನ್ನೊಂದ್ಸಲ ನೋಡ್ಲಿ.’